ಅಡ್ಡಹೆಸರಲ್ಲಿ ಉಳಿದ ಅತ್ತರು

ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆ ಹೋದರೆ 'ಅತ್ತಾರ' ಅನ್ನೋ ಅಡ್ಡಹೆಸರಿನವರು ನಿಮಗೆ ಸಿಕ್ಕೇ ಸಿಗುತ್ತಾರೆ. ಅವರಲ್ಲಿ ಮೇಷ್ಟ್ರಿದ್ದಾರೆ, ವಕೀಲರಿದ್ದಾರೆ, ಅಂಗಡಿ ಇಟ್ಟವರಿದ್ದಾರೆ. ಅತ್ತರು ಮಾಡುವವರನ್ನು ಮಾತ್ರ ಹುಡುಕಬೇಕು. ಅರಬಿಯಲ್ಲಿ 'ಇತ್ರ್' ಎಂದರೆ ಸುಗಂಧ. 'ಅತ್ತಾರ್' ಎಂದರೆ ಸುಗಂಧದ್ರವ್ಯ, ಗಿಡಮೂಲಿಕೆ ಮಾರುವವ. ಪಾರ್ಸಿ ಕವಿ ಫರೀದುದ್ದೀನ್ ಅತ್ತಾರರ ಹೆಸರೂ ಇದೇ ಕಸುಬಿನಿಂದ ಬಂದದ್ದು.

ಕಳೆದ ಚಳಿಗಾಲದಲ್ಲಿ ಮುಂಬೈಯಲ್ಲಿ ಹೊಸಬರಿಗಾಗಿ ನಡೆದ, ನೈಸರ್ಗಿಕ ಸುಗಂಧ ಬೆರೆಸುವ ಒಂದು ದಿನದ ತರಗತಿಗೆ ಹೋಗಿದ್ದೆ. ಪಕ್ಕದಲ್ಲಿ ಕೂತಿದ್ದ ಕಾಲೇಜು ಹುಡುಗನ ಅಡ್ಡಹೆಸರು ಅತ್ತಾರ. ಅವನ ಜೇಬಿನಲ್ಲಿ ಬೆರಳುದ್ದದ ಒಂದು ಹಳೇ ಸೀಸೆ. "ನಮ್ಮಜ್ಜ ಉರುಸಿನ ಜಾತ್ರೆಗಳಲ್ಲಿ ಸುರ್ಮಾ, ಅತ್ತರು ಮಾರ್ತಿದ್ರಂತೆ. ಇದು ಅವರದೇ ಮಿಶ್ರಣ. ಆದ್ರೆ ಅಂಕಲ್, ಇದೆಲ್ಲ ಅರಬರ ವಿದ್ಯೆ ಅಲ್ವಾ? ನಮ್ಮ ಕಡೆ ಏನಿತ್ತು?" ಅಂದ. ಆವತ್ತು ನನಗೆ ಸರಿಯಾಗಿ ಹೇಳಲಾಗಲಿಲ್ಲ. ಈಗ ನಿಮ್ಮ ಮುಂದೆ ಹೇಳುತ್ತೇನೆ.

ಅರಬರ ಪಾಲು ದೊಡ್ಡದು, ಅದರಲ್ಲಿ ಅನುಮಾನವಿಲ್ಲ. 9ನೇ ಶತಮಾನದ ಬಾಗ್ದಾದಿನಲ್ಲಿದ್ದ ತತ್ವಜ್ಞಾನಿ ಅಲ್-ಕಿಂದಿಯ ಹೆಸರಿನಲ್ಲಿ ಸುಗಂಧ ಮತ್ತು ಭಟ್ಟಿ ಇಳಿಸುವ ವಿದ್ಯೆಯ ಒಂದು ಗ್ರಂಥವಿದೆ. ಅದರಲ್ಲಿ ನೂರಕ್ಕೂ ಹೆಚ್ಚು ವಿಧಾನಗಳಿವೆ. ಆದರೆ ಅದಕ್ಕೂ ಮೊದಲೇ, 6ನೇ ಶತಮಾನದಲ್ಲಿ, ವರಾಹಮಿಹಿರ ತನ್ನ 'ಬೃಹತ್ಸಂಹಿತೆ'ಯಲ್ಲಿ 'ಗಂಧಯುಕ್ತಿ'ಗೇ ಒಂದು ಅಧ್ಯಾಯ ಕೊಟ್ಟಿದ್ದಾನೆ. 16 ದ್ರವ್ಯಗಳಿಂದ ನಾಲ್ಕು ನಾಲ್ಕನ್ನು ಆರಿಸಿದರೆ 1820 ಬಗೆಯ ಜೋಡಣೆಗಳಾಗುತ್ತವೆ ಅಂತ ಲೆಕ್ಕ ಕೊಡುತ್ತಾನೆ. ಇಂದಿನ ಗಣಿತದಲ್ಲಿ ಮಾಡಿ ನೋಡಿ, ಅದೇ ಉತ್ತರ ಬರುತ್ತದೆ.

ಇನ್ನು ನಮ್ಮ ನೆಲಕ್ಕೆ ಬನ್ನಿ. ಸುಮಾರು 1025ರಲ್ಲಿ ಇಮ್ಮಡಿ ಚಾವುಂಡರಾಯ ಬರೆದ 'ಲೋಕೋಪಕಾರ' ಕನ್ನಡದ್ದೇ ಪುಸ್ತಕ. ಬೇಸಾಯ, ಅಡುಗೆ, ಔಷಧದ ಜೊತೆ ಸುಗಂಧ ತಯಾರಿಕೆಯೂ ಅದರಲ್ಲಿದೆ. ಮುಂದಿನ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ' ಸ್ನಾನ, ಲೇಪನ, ಧೂಪಗಳನ್ನು ಅರಸನ ದಿನಚರಿಯ ಭಾಗವಾಗಿ ವಿವರಿಸುತ್ತದೆ.

ಈ ಎರಡು ಧಾರೆಗಳು ಕೂಡಿದ ಜಾಗಗಳಲ್ಲಿ ಬಿಜಾಪುರವೂ ಒಂದು. ಎರಡನೇ ಇಬ್ರಾಹಿಂ ಆದಿಲ್ ಶಾಹ (1580–1627) ಸಂಗೀತಪ್ರಿಯ ಅನ್ನೋದು ಎಲ್ಲರಿಗೂ ಗೊತ್ತು. ಅವನ ಆಸ್ಥಾನಕ್ಕಾಗಿ 'ಇತ್ರ್-ಎ-ನೌರಸ್ ಶಾಹಿ' ಎಂಬ ಸುಗಂಧದ ಗ್ರಂಥ ಪಾರ್ಸಿಯಲ್ಲಿ ರಚನೆಯಾಯಿತು ಅನ್ನೋದು ಎಷ್ಟು ಜನಕ್ಕೆ ಗೊತ್ತು? ಹೆಸರನ್ನೇ ಗಮನಿಸಿ: 'ಇತ್ರ್' ಅರಬಿ, 'ನೌರಸ್' ನಮ್ಮ ನವರಸ, 'ಶಾಹಿ' ಪಾರ್ಸಿ. ಹುಡುಗನ ಪ್ರಶ್ನೆಗೆ ಈ ಮೂರು ಪದಗಳೇ ಉತ್ತರ. ಇದು ಯಾರೋ ತಂದು ಕೊಟ್ಟ ವಿದ್ಯೆಯಲ್ಲ, ಇಲ್ಲಿ ಬೆರೆತು ಆದ ವಿದ್ಯೆ.

ಉತ್ತರದಲ್ಲೂ ಹಾಗೇ. ಅಬುಲ್ ಫಜಲ್‌ನ 'ಆಯಿನ್-ಎ-ಅಕ್ಬರಿ'ಯಲ್ಲಿ ಅಕ್ಬರನ ಸುಗಂಧ ಖಾತೆಯ ವಿವರ, ದ್ರವ್ಯಗಳ ಬೆಲೆ ಕೂಡ ಇವೆ. ಗುಲಾಬಿ ಅತ್ತರಿನ ಕತೆಯನ್ನು ಜಹಾಂಗೀರನೇ ತನ್ನ ಆತ್ಮಕತೆಯಲ್ಲಿ ಬರೆದಿಟ್ಟಿದ್ದಾನೆ. ನೂರ್ ಜಹಾಂಳ ತಾಯಿ ಅಸ್ಮತ್ ಬೇಗಂ ಪನ್ನೀರು ತಯಾರಿಸುವಾಗ ಬಿಸಿ ಪನ್ನೀರಿನ ಮೇಲೆ ಕೆನೆಯಂತೆ ಎಣ್ಣೆ ಕಟ್ಟಿದ್ದನ್ನು ಕಂಡು, ಚೂರುಚೂರೇ ತೆಗೆದಿಟ್ಟಳಂತೆ. ಅದಕ್ಕೆ 'ಇತ್ರ್-ಎ-ಜಹಾಂಗೀರಿ' ಎಂದು ಹೆಸರಿಟ್ಟವಳು ಸಲೀಮಾ ಸುಲ್ತಾನ್ ಬೇಗಂ. ದೊರೆ ಬರೆಯದೆ ಇದ್ದಿದ್ದರೆ ಆ ಇಬ್ಬರು ಹೆಂಗಸರ ಹೆಸರು ಈ ಕತೆಯಲ್ಲಿ ಇರುತ್ತಿತ್ತೇ?

ಉತ್ತರ ಪ್ರದೇಶದ ಕನೌಜಿನಲ್ಲಿ ಇಂದಿಗೂ ಹಳೇ ಪದ್ಧತಿ ನಡೆದಿದೆ. ತಾಮ್ರದ 'ದೇಗ್'ನಲ್ಲಿ ಹೂವು, ನೀರು ಹಾಕಿ, ಮುಚ್ಚಳದ ಸಂದಿಗೆ ಮಣ್ಣು ಮೆತ್ತಿ, ಕೆಳಗೆ ಉರಿ ಹಾಕುತ್ತಾರೆ. ಆವಿ ಬಿದಿರಿನ ಕೊಳವೆ ಮೂಲಕ ನೀರಿನ ತೊಟ್ಟಿಯಲ್ಲಿಟ್ಟ 'ಭಪ್ಕಾ' ಎಂಬ ಪಾತ್ರೆಗೆ ಇಳಿದು ತಣಿಯುತ್ತದೆ. ಭಪ್ಕಾದಲ್ಲಿ ಮೊದಲೇ ಶ್ರೀಗಂಧದ ಎಣ್ಣೆ ಇರುತ್ತದೆ. ಅದು ಹೂವಿನ ಪರಿಮಳ ಹೀರಿಕೊಳ್ಳುತ್ತದೆ. ಹೂವು ಎಲ್ಲಿಯದೇ ಆಗಲಿ, ಅದನ್ನು ಹೊತ್ತದ್ದು ಗಂಧ. ಅದಕ್ಕೆ ಹೆಸರಾದ ನೆಲ ಮೈಸೂರು ಸೀಮೆ. ಮೊದಲ ಮಹಾಯುದ್ಧದಿಂದ ಗಂಧದ ಮರದ ರಫ್ತು ನಿಂತಾಗ ಮೈಸೂರು ಸಂಸ್ಥಾನ 1916–17ರಲ್ಲಿ ತಾನೇ ಎಣ್ಣೆ ತೆಗೆಯಲು ಶುರುಮಾಡಿತು. ಮುಂದೆ ಗಂಧ ವಿರಳವಾಗಿ ಬೆಲೆ ಏರಿತು. ಅದರ ಜಾಗಕ್ಕೆ ದ್ರವ ಪ್ಯಾರಾಫಿನ್‌ನಂಥವು ಬಂದವು. ಇವತ್ತು ಬೀದಿಯಲ್ಲಿ ಅಗ್ಗಕ್ಕೆ ಸಿಗುವ 'ಅಸಲಿ ಸಂದಲ್' ಸೀಸೆಯನ್ನು ನಂಬುವ ಮುಂಚೆ ಇದು ನೆನಪಿರಲಿ.

ತರಗತಿಗೆ ವಾಪಸ್ ಬರೋಣ. ಕಲಿಸುವಾಕೆ ಮೊದಲು ಕೊಟ್ಟದ್ದು ಸೀಸೆಯಲ್ಲ, ಒಂದು ನೋಟುಬುಕ್ಕು. ಎಣ್ಣೆಗಳನ್ನು ಕಾಗದದ ಪಟ್ಟಿಗೆ ಅದ್ದಿ ಮೂಸಬೇಕು. ಆಗಲೇ ಒಮ್ಮೆ, ಅರ್ಧ ಗಂಟೆ ಬಿಟ್ಟು ಒಮ್ಮೆ. ನಿಂಬೆ ಬೇಗ ಹಾರುತ್ತದೆ, ಗುಲಾಬಿ ಸ್ವಲ್ಪ ಹೊತ್ತು ನಿಲ್ಲುತ್ತದೆ, ಲಾವಂಚ, ಗಂಧ ಕೊನೆವರೆಗೂ ಉಳಿಯುತ್ತವೆ. ಬೆರೆಸುವಾಗ ಗಂಧ 10 ಹನಿ, ಗುಲಾಬಿ 3, ಲಾವಂಚ 1. ನಾನು ಆಸೆಗೆ ಲಾವಂಚ 4 ಹನಿ ಹಾಕಿದೆ. ಗುಲಾಬಿ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ! "ಹಾಕಿದ ಹನಿ ವಾಪಸ್ ಬರಲ್ಲ, ಬರೆದಿಟ್ಟುಕೊಳ್ಳಿ" ಅಂದರು ಆಕೆ.

ಊಟದ ಹೊತ್ತಿಗೆ ಹುಡುಗ ಅಜ್ಜನ ಸೀಸೆ ತೆಗೆದುಕೊಟ್ಟ. ತಳದಲ್ಲಿ ಕಂದು ಬಣ್ಣದ ಅಂಟು ಮಾತ್ರ. ಆಕೆ ಬಹಳ ಹೊತ್ತು ಮೂಸಿದರು. "ಗಂಧ ಇದೆ. ಅದರ ಜೊತೆ ಏನೋ ಇತ್ತು, ಹಾರಿಹೋಗಿದೆ. ಅಜ್ಜ ಎಲ್ಲಾದ್ರೂ ಬರೆದಿಟ್ಟಿದ್ದಾರಾ?" ಹುಡುಗ ತಲೆ ಅಲ್ಲಾಡಿಸಿದ. ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಬಿಜಾಪುರದ ಸುಲ್ತಾನನಿಗೆ ಬರೆಯುವವರಿದ್ದರು, ಜಹಾಂಗೀರ್ ತಾನೇ ಬರೆದ. ಜಾತ್ರೆಯಲ್ಲಿ ಪೆಟ್ಟಿಗೆ ಹೊತ್ತು ಅಲೆದವರ ಪರವಾಗಿ ಬರೆದವರು ಯಾರು? ಜುಮಾ ದಿನ, ಈದ್ ದಿನ, ಮದುವೆ ಮನೆಯಲ್ಲಿ ನಮ್ಮ ಹಿರಿಯರ ಕಿವಿಯ ಮಡಿಕೆಯಲ್ಲಿ ಹತ್ತಿ ಇಟ್ಟವರು ಅವರೇ. ನಿಮ್ಮ ಮನೆಯಲ್ಲಿ ಅಂಥ ಅಜ್ಜ ಅಥವಾ ನಾನಿ ಇನ್ನೂ ಇದ್ದರೆ, ಅತ್ತರೇ ಆಗಬೇಕಿಲ್ಲ, ಸುರ್ಮಾ ಆಗಲಿ, ಮಸಾಲೆ ಆಗಲಿ, ಪಕ್ಕ ಕೂತು ಕೇಳಿ. ಎಷ್ಟು, ಯಾವಾಗ, ಯಾಕೆ ಅಂತ ಅವರು ಹೇಳಿದ ಮಾತಲ್ಲೇ ಬರೆದುಕೊಳ್ಳಿ.

ಆ ಹುಡುಗ ಸಂಜೆ ತನ್ನ ಮೊದಲ ಮಿಶ್ರಣವನ್ನು ಸೀಸೆಗೆ ತುಂಬಿದ. ನೋಟುಬುಕ್ಕಿನಲ್ಲಿ ಹನಿಗಳ ಲೆಕ್ಕ ಬರೆದು, ಕೆಳಗೆ ತಾರೀಖು ಹಾಕಿ, ಪೂರ್ತಿ ಹೆಸರು ಬರೆದ. ಅತ್ತಾರ ಅನ್ನೋದನ್ನು ಸ್ವಲ್ಪ ದಪ್ಪಗೆ.