ಪೀಜೋವಿದ್ಯುತ್ ವಸ್ತುಗಳು

ಒತ್ತಿದಾಗ ಅಥವಾ ಎಳೆದಾಗ ಮೇಲ್ಮೈಯಲ್ಲಿ ವಿದ್ಯುದಾವೇಶವನ್ನು ಉಂಟುಮಾಡುವ ಪದಾರ್ಥಗಳನ್ನು ಪೀಜೋವಿದ್ಯುತ್ ವಸ್ತುಗಳು ಎನ್ನುತ್ತಾರೆ. ಕ್ವಾರ್ಟ್ಸ್, ಟೂರ್ಮಲೀನ್ ಮೊದಲಾದ ಸ್ಫಟಿಕಗಳಲ್ಲಿ ಈ ಗುಣವನ್ನು 1880ರಲ್ಲಿ ಫ್ರಾನ್ಸಿನ ಜಾಕ್ ಮತ್ತು ಪಿಯರ್ ಕ್ಯೂರಿ ಸಹೋದರರು ಕಂಡುಹಿಡಿದರು. ವಿದ್ಯುತ್ ನೀಡಿದರೆ ಸ್ಫಟಿಕವೇ ಹಿಗ್ಗಿ ಕುಗ್ಗುವುದು ಇದರ ವಿಲೋಮ ಪರಿಣಾಮ.

ಬೆಂಗಳೂರಿನ ಎಚ್‌ಎಂಟಿ ಸಂಸ್ಥೆ ತಯಾರಿಸಿದ ಕ್ವಾರ್ಟ್ಸ್ ಕೈಗಡಿಯಾರಗಳು ಈ ಪರಿಣಾಮವನ್ನೇ ಆಧರಿಸಿದ್ದವು. ಇಂತಹ ಗಡಿಯಾರದ ಸ್ಫಟಿಕವು ಸಾಮಾನ್ಯವಾಗಿ ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಈ ಸಂಖ್ಯೆಯನ್ನು 15 ಸಲ ಅರ್ಧಿಸಿದರೆ ಸರಿಯಾಗಿ ಸೆಕೆಂಡಿಗೊಂದು ಮಿಡಿತ ದೊರೆಯುತ್ತದೆ.

ಉಕ್ಕಿನ ಒಳಬಿರುಕನ್ನು ಪತ್ತೆಹಚ್ಚುವ ಶ್ರವಣಾತೀತ ಶೋಧಕದಲ್ಲಿ ಎರಡೂ ಪರಿಣಾಮಗಳು ಬಳಕೆಯಾಗುತ್ತವೆ: ಅಲೆಯನ್ನು ಕಳುಹಿಸುವ ಬಿಲ್ಲೆಯೇ ಬಿರುಕಿಗೆ ತಾಗಿ ಮರಳಿದ ಪ್ರತಿಧ್ವನಿಯನ್ನೂ ಗ್ರಹಿಸಬಲ್ಲದು. ಸಂವೇದಕಗಳಲ್ಲಿ ಹೆಚ್ಚು ಬಳಸುವ ಪಿಜೆಡ್‌ಟಿ ಪಿಂಗಾಣಿಯಲ್ಲಿ ವಿಷಕಾರಿ ಸೀಸವಿರುವುದರಿಂದ ಸೀಸರಹಿತ ಪರ್ಯಾಯಗಳ ಸಂಶೋಧನೆ ನಡೆಯುತ್ತಿದೆ.