ದಾರಿ ಆರಿಸುವವರು ನಿಂತ ಜಾಗ

ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗವು ಮಾಗಡಿಯ ಕೆಂಪೇಗೌಡರ ವಂಶದವರ ಆಳ್ವಿಕೆಗೆ ಸೇರಿದ್ದ ಗಿರಿದುರ್ಗಗಳಲ್ಲಿ ಒಂದು. ಮೂರನೆಯ ಮೈಸೂರು ಯುದ್ಧದಲ್ಲಿ ಸಾವನದುರ್ಗ ಬಿದ್ದ ಮೂರು ದಿನಗಳ ಬಳಿಕ, 1791ರ ಡಿಸೆಂಬರ್ 24ರಂದು, ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸನ ಸೇನೆಯು ಈ ಕೋಟೆಯನ್ನು ಹಿಡಿಯಿತು. ಬೆಂಗಳೂರಿನಿಂದ ಶ್ರೀರಂಗಪಟ್ಟಣದ ಕಡೆಗೆ ದವಸಧಾನ್ಯ ಸಾಗುವ ದಾರಿಗಳನ್ನು ಭದ್ರಪಡಿಸಿಕೊಳ್ಳದೆ ಮುತ್ತಿಗೆಗೆ ಹೊರಡುವುದು ಅಪಾಯವೆಂಬುದನ್ನು ಅದೇ ವರ್ಷದ ಮೇ ತಿಂಗಳ ಹಿಮ್ಮೆಟ್ಟುವಿಕೆ ಆ ಸೇನೆಗೆ ಕಲಿಸಿತ್ತು. ಆಯಕಟ್ಟಿನ ಒಂದು ಸ್ಥಾನದಿಂದ ಸುತ್ತಲಿನ ದಾರಿಗಳನ್ನೆಲ್ಲ ನಿಯಂತ್ರಿಸುವ ವ್ಯವಸ್ಥೆಯು ಇಂಟರ್ನೆಟ್ ಜಾಲಗಳ ಚರಿತ್ರೆಯಲ್ಲಿಯೂ ರೂಪುಗೊಂಡಿತು. ಅದರ ಅನುಕೂಲದ ಜೊತೆಗೇ ಅದರ ದೋಷವೂ ಹುಟ್ಟಿಕೊಂಡಿತು.

ಬೇರೆ ಬೇರೆ ಸಂಸ್ಥೆಗಳ ಜಾಲಗಳು ಯಾವ ವಿಳಾಸಕ್ಕೆ ಯಾವ ದಾರಿ ಎಂಬುದನ್ನು ಪರಸ್ಪರ ತಿಳಿಸಿಕೊಳ್ಳುವ ಕಟ್ಟಳೆಗೆ ಬಾರ್ಡರ್ ಗೇಟ್‌ವೇ ಪ್ರೋಟೋಕಾಲ್, ಅಂದರೆ ಬಿಜಿಪಿ, ಎಂದು ಹೆಸರು. ಕರ್ಕ್ ಲಾಹೀಡ್ ಮತ್ತು ಯಾಕೋವ್ ರೆಕ್ಟರ್ ರೂಪಿಸಿದ ಇದರ ಮೊದಲ ವಿವರಣೆ 1989ರ ಜೂನ್‌ನಲ್ಲಿ ಪ್ರಕಟವಾಯಿತು. ಒಂದೇ ಸಂಸ್ಥೆಯೊಳಗಿನ ರೂಟರುಗಳ ನಡುವೆ, ಅಂದರೆ ದತ್ತಾಂಶದ ಪೊಟ್ಟಣಗಳನ್ನು ಮುಂದಕ್ಕೆ ಕಳಿಸುವ ಯಂತ್ರಗಳ ನಡುವೆ, ಇದನ್ನು ಬಳಸುವಾಗ ಒಂದು ಕಟ್ಟುನಿಟ್ಟಾದ ನಿಯಮವಿತ್ತು: ಒಳಗಿನ ಒಬ್ಬರಿಂದ ಕೇಳಿದ ಸುದ್ದಿಯನ್ನು ಒಳಗಿನ ಮತ್ತೊಬ್ಬರಿಗೆ ದಾಟಿಸಬಾರದು. ಸುದ್ದಿಯು ಸುತ್ತಿ ಸುತ್ತಿ ಮೊದಲಿನಲ್ಲಿಗೇ ಬಂದು ಸೇರುವುದನ್ನು ಈ ನಿಯಮ ತಡೆಯಿತಾದರೂ, ಪ್ರತಿಯೊಂದು ರೂಟರೂ ಉಳಿದೆಲ್ಲವುಗಳೊಡನೆ ನೇರ ಸಂಪರ್ಕ ಇಟ್ಟುಕೊಳ್ಳಬೇಕಾಗಿ ಬಂದುದರಿಂದ ನೂರು ರೂಟರುಗಳ ಜಾಲಕ್ಕೆ 4,950 ಸಂಪರ್ಕಗಳು ಬೇಕಾಗುತ್ತಿದ್ದವು.

ವಿದೇಶ ಸಂಚಾರ ನಿಗಮವು 1995ರ ಆಗಸ್ಟ್ 15ರಂದು ಭಾರತದ ಜನಸಾಮಾನ್ಯರಿಗೆ ಇಂಟರ್ನೆಟ್ ಸೇವೆಯನ್ನು ತೆರೆದ ಹೊತ್ತಿಗೆ ದೊಡ್ಡ ಸೇವಾದಾರ ಸಂಸ್ಥೆಗಳಿಗೆ ಈ ಭಾರ ಹೊರಲಾಗದಂತಾಗುತ್ತಿತ್ತು. 1996ರ ಜೂನ್‌ನಲ್ಲಿ ಟೋನಿ ಬೇಟ್ಸ್ ಮತ್ತು ರವಿ ಚಂದ್ರ ಇದಕ್ಕೆ ರೂಟ್ ರಿಫ್ಲೆಕ್ಟರ್ ಎಂಬ ಪರಿಹಾರವನ್ನು ಮುಂದಿಟ್ಟರು. ಆಯ್ದ ರೂಟರೊಂದಕ್ಕೆ ಒಳಗಿನ ಸುದ್ದಿಯನ್ನು ಒಳಗಿನವರಿಗೇ ದಾಟಿಸುವ ಅಧಿಕಾರ ಕೊಟ್ಟು, ಅದರ ಕ್ಲೈಂಟುಗಳೆನಿಸಿದ ಉಳಿದ ರೂಟರುಗಳು ಅದರೊಡನೆ ಮಾತ್ರ ಮಾತಾಡಿದರೆ ಸಾಕೆಂದು ಮಾಡಿದ ಏರ್ಪಾಡು ಇದು. ಸುದ್ದಿ ಸುತ್ತದಂತೆ ತಡೆಯಲು, ಅದನ್ನು ಮೊದಲು ತಂದವರ ಗುರುತನ್ನೂ ಅದು ಹಾದುಬಂದ ಕ್ಲಸ್ಟರುಗಳ, ಅಂದರೆ ರಿಫ್ಲೆಕ್ಟರ್ ಮತ್ತು ಅದರ ಕ್ಲೈಂಟುಗಳ ಗುಂಪುಗಳ, ಪಟ್ಟಿಯನ್ನೂ ಸುದ್ದಿಯೊಡನೆ ಸೇರಿಸಲಾಯಿತು.

ತೊಡಕು ಹುಟ್ಟಿದ್ದು ಆಯ್ಕೆಯ ಹಂತದಲ್ಲಿ. ಬಿಜಿಪಿಯು ಸ್ಥಳೀಯ ಆದ್ಯತೆ, ನಡುವೆ ಬರುವ ಜಾಲಗಳ ಸಂಖ್ಯೆ, ಸುದ್ದಿಯ ಮೂಲ, ನೆರೆಜಾಲ ಸೂಚಿಸಿದ ಮೌಲ್ಯ ಇವುಗಳನ್ನು ಕ್ರಮವಾಗಿ ಹೋಲಿಸುತ್ತದೆ. ಇವೆಲ್ಲ ಸಮನಾದಾಗ, ಆರಿಸುವ ರೂಟರಿನಿಂದ ಹೊರದಾರಿಗೆ ಇರುವ ಒಳಗಿನ ದೂರವನ್ನು ಅಳೆಯುತ್ತದೆ. ರಿಫ್ಲೆಕ್ಟರ್ ತಾನು ನಿಂತಲ್ಲಿಂದ ಆ ದೂರವನ್ನು ಅಳೆದು, ಆರಿಸಿದ ಒಂದು ದಾರಿಯನ್ನಷ್ಟೇ ಕ್ಲೈಂಟುಗಳಿಗೆ ತಿಳಿಸುತ್ತಿತ್ತು. ಹುತ್ರಿದುರ್ಗದಿಂದ ಬೆಂಗಳೂರಿಗೆ ಮಾಗಡಿಯ ರಸ್ತೆ ಹತ್ತಿರವೆಂದು ಗುಬ್ಬಿಯವರಿಗೂ ಅದನ್ನೇ ಹೇಳಿ, ಅವರಿಗೆ ಸಹಜವಾದ ತುಮಕೂರಿನ ದಾರಿಯ ಸುದ್ದಿಯನ್ನೇ ಮುಟ್ಟಿಸದಿದ್ದರೆ ಆಗುವ ಸುತ್ತು ಇಲ್ಲಿಯೂ ಆಗುತ್ತಿತ್ತು.

ಆದ್ದರಿಂದ ದೋಷ ಹುಡುಕುವ ಕ್ರಮವೂ ಬದಲಾಗಬೇಕಾಯಿತು. ದತ್ತಾಂಶವು ಬಳಸುದಾರಿ ಹಿಡಿದಿದೆಯೆಂದು ಕಂಡಾಗ, ಕ್ಲೈಂಟಿನ ಕೋಷ್ಟಕವೊಂದನ್ನೇ ನೋಡಿದರೆ ಅಲ್ಲಿ ಇರುವ ದಾರಿ ಒಂದೇ ಆಗಿರುವುದರಿಂದ ಆಯ್ಕೆ ಸರಿಯಾಗಿಯೇ ತೋರುತ್ತದೆ. ಮೊದಲು ನೆಕ್ಸ್ಟ್ ಹಾಪ್, ಅಂದರೆ ದಾರಿಯ ಮುಂದಿನ ನಿಲುಗಡೆ, ತಲುಪುವಂತಿದೆಯೇ ಎಂದು ಪರೀಕ್ಷಿಸಿ, ಬಳಿಕ ರಿಫ್ಲೆಕ್ಟರಿಗೆ ಬಂದ ದಾರಿಗಳೆಷ್ಟು, ಅದು ಕೈಬಿಟ್ಟದ್ದು ಯಾವುದನ್ನು, ಯಾವ ಹಂತದ ಹೋಲಿಕೆಯಲ್ಲಿ ಎಂಬುದನ್ನು ಅಲ್ಲಿಯೇ ಹೋಗಿ ನೋಡಬೇಕಾಗುತ್ತದೆ. ದಾರಿಯೊಂದು ರಿಫ್ಲೆಕ್ಟರಿನಲ್ಲಿಯೇ ಕಾಣದಿದ್ದರೆ ಕ್ಲಸ್ಟರುಗಳ ಪಟ್ಟಿಯನ್ನೂ ನೋಡಬೇಕು: ಎರಡು ರಿಫ್ಲೆಕ್ಟರುಗಳಿಗೆ ಒಂದೇ ಕ್ಲಸ್ಟರ್ ಗುರುತು ಕೊಟ್ಟಿದ್ದರೆ, ಒಂದು ದಾಟಿಸಿದ ಸುದ್ದಿಯಲ್ಲಿ ಮತ್ತೊಂದು ತನ್ನದೇ ಗುರುತನ್ನು ಕಂಡು ಅದನ್ನು ತಿರಸ್ಕರಿಸುತ್ತದೆ.

ಇದಕ್ಕಿಂತ ತೀವ್ರವಾದ ದೋಷವೊಂದನ್ನು 2002ರ ಆಗಸ್ಟ್‌ನಲ್ಲಿ ಡ್ಯಾನಿ ಮೆಕ್‌ಫರ್ಸನ್ ಮತ್ತು ಸಂಗಡಿಗರು ದಾಖಲಿಸಿದರು: ನೆರೆಜಾಲ ಸೂಚಿಸುವ ಮೌಲ್ಯವು ಒಂದೇ ನೆರೆಜಾಲದ ದಾರಿಗಳ ನಡುವೆ ಮಾತ್ರ ಹೋಲಿಕೆಯಾಗುವುದರಿಂದ, ಕೆಲವು ರಚನೆಗಳಲ್ಲಿ ರಿಫ್ಲೆಕ್ಟರುಗಳ ಆಯ್ಕೆ ಎಂದಿಗೂ ನೆಲೆನಿಲ್ಲದೆ ಹೊಯ್ದಾಡುತ್ತಿತ್ತು. ಒಂದಕ್ಕಿಂತ ಹೆಚ್ಚು ದಾರಿಗಳನ್ನು ತಿಳಿಸಲು 2016ರ ಕಟ್ಟಳೆ ಅವಕಾಶ ಕೊಟ್ಟಿತು; ದೂರವನ್ನು ಕ್ಲೈಂಟು ನಿಂತಲ್ಲಿಂದ ಅಳೆಯುವ ವಿಧಾನವನ್ನು 2021ರ ಕಟ್ಟಳೆ ರೂಪಿಸಿತು. ರಿಫ್ಲೆಕ್ಟರ್ ಬಂದ ಇಪ್ಪತ್ತೈದು ವರ್ಷಗಳಲ್ಲಿ ಆದ ಈ ತಿದ್ದುಪಡಿಗಳು, ಸಂಪರ್ಕಗಳನ್ನು ಕಡಿಮೆ ಮಾಡಲು ಬಚ್ಚಿಟ್ಟ ಸುದ್ದಿಯಲ್ಲಿ ಒಂದಿಷ್ಟನ್ನು ಮರಳಿ ಒಪ್ಪಿಸಲು ಜಾಲ ತಂತ್ರಜ್ಞರು ಮಾಡಿದ ಪ್ರಯತ್ನಗಳೇ ಆಗಿವೆ.