ನಕ್ಷತ್ರ ಬಿಡಿಸುವವರು ಯಾರು?

ನೂರು ಕಡತಗಳ ಹೆಸರಿನ ಬಾಲವನ್ನು ಒಂದೇ ಏಟಿಗೆ ಬದಲಾಯಿಸಬೇಕು ಅಂತಿಟ್ಟುಕೊಳ್ಳಿ. ಡಾಸ್ ಕಾಲದವರಿಗೆ ಇದು ನೀರು ಕುಡಿದಷ್ಟು ಸುಲಭ. "ರೆನ್ *.ಟಿಎಕ್ಸ್‌ಟಿ *.ಬಿಎಕೆ" ಅಂತ ಕುಟ್ಟಿದರೆ ಮುಗೀತು. ಲಿನಕ್ಸ್‌ನಲ್ಲಿ ರೆನ್ ಬದಲು "ಎಂವಿ" ಹಾಕಿ ನೋಡಿ, ಬೈಸಿಕೊಳ್ಳೋದು ಗ್ಯಾರಂಟಿ! ಬುದ್ಧಿವಂತರ ಸಿಸ್ಟಂ ಅನ್ನಿಸಿಕೊಂಡ ಯುನಿಕ್ಸ್ ವಂಶಕ್ಕೆ ಇಷ್ಟೂ ಬರೋದಿಲ್ವಾ? ಉತ್ತರಕ್ಕೆ 1971ಕ್ಕೆ ಹೋಗಬೇಕು.

ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಯುನಿಕ್ಸ್ ಕಟ್ಟುತ್ತಿದ್ದ ಪಿಡಿಪಿ-11 ಯಂತ್ರದ ಮೆಮೊರಿ ಬರೀ 24 ಕೆಬಿ. ಅದರಲ್ಲಿ 16 ಸಿಸ್ಟಂಗೇ ಹೋಗಿ, ಪ್ರೋಗ್ರಾಂಗಳಿಗೆ ಉಳಿಯುತ್ತಿದ್ದದ್ದು 8. ಅಂದಿನ ಶೆಲ್‌ಗೆ * ಚಿಹ್ನೆ ಬಿಡಿಸಲು ಬರುತ್ತಿರಲಿಲ್ಲ. ಅದು ಕಂಡರೆ ಶೆಲ್ "ಗ್ಲಾಬ್" ಎಂಬ ಬೇರೊಂದು ಪುಟ್ಟ ಪ್ರೋಗ್ರಾಂ ಕರೆಯುತ್ತಿತ್ತು. ಗ್ಲಾಬ್ ಹೊಂದುವ ಹೆಸರುಗಳನ್ನೆಲ್ಲ ಆರಿಸಿ, ಆ ಪಟ್ಟಿಯನ್ನು ಕಮ್ಯಾಂಡಿನ ಕೈಗೆ ಕೊಡುತ್ತಿತ್ತು. 1979ರ ಏಳನೇ ಆವೃತ್ತಿಯಲ್ಲಿ ಸ್ಟೀವ್ ಬೋರ್ನ್ ಬರೆದ ಶೆಲ್ ಈ ಕೆಲಸವನ್ನು ತಾನೇ ವಹಿಸಿಕೊಂಡಿತು. ಆದರೆ ಪದ್ಧತಿ ಅದೇ ಉಳಿಯಿತು: ಆರಿಸುವವರು ಒಬ್ಬರು, ಕೆಲಸ ಮಾಡುವವರು ಇನ್ನೊಬ್ಬರು.

ಹಾಗಾಗಿ ಎಂವಿ ಕೈಗೆ ಸಿಗೋದು ನಕ್ಷತ್ರವಲ್ಲ, ಬಿಡಿಸಿಟ್ಟ ಹೆಸರುಗಳ ಸಾಲು. ಇದರಲ್ಲೊಂದು ಅಪಾಯವೂ ಇದೆ. ಎರಡೇ ಕಡತಗಳಿರುವ ಕಡೆ "ಎಂವಿ *" ಅಂತ ಬರೆದು ಅರ್ಧಕ್ಕೇ ಎಂಟರ್ ಒತ್ತಿದರೆ, ಮೊದಲನೆಯದು ಎರಡನೆಯದರ ಹೆಸರು ಪಡೆದು ಅದರ ಜಾಗದಲ್ಲಿ ಕೂರುತ್ತದೆ. ಎರಡನೆಯದು ಗೋವಿಂದ!

ಡಾಸ್ ದಾರಿಯೇ ಬೇರೆ. 1981ರಲ್ಲಿ ಐಬಿಎಂ ಪಿಸಿ ಜೊತೆ ಬಂದ ಅದರಲ್ಲಿ ನಕ್ಷತ್ರ ನೇರವಾಗಿ ರೆನ್ ಕೈಗೇ ಸಿಗುತ್ತಿತ್ತು. ಹೆಸರಿಗೆ 8, ಬಾಲಕ್ಕೆ 3 ಅಕ್ಷರ ಅಂತ ಮಿತಿ ಇತ್ತಲ್ಲ, * ಇದ್ದ ಕಡೆ ಹಳೆಯ ಅಕ್ಷರಗಳನ್ನೇ ಉಳಿಸಿದರೆ ಸಾಕಿತ್ತು. ಅನುಕೂಲವೇನೋ ಹೌದು. ಆದರೆ ಪ್ರತಿಯೊಂದು ಕಮ್ಯಾಂಡೂ ನಕ್ಷತ್ರ ಬಿಡಿಸೋದನ್ನು ತಾನೇ ಕಲಿತಿರಬೇಕು. ಕಡತ ತೆರೆದು ತೋರಿಸುವ ಟೈಪ್ ಕಮ್ಯಾಂಡಿಗೆ ಅದು ಬರುತ್ತಲೇ ಇರಲಿಲ್ಲ.

ಯುನಿಕ್ಸ್‌ನಲ್ಲಿ ಹಾಗಲ್ಲ. ನೀವು ನಾಲ್ಕೇ ಸಾಲಿನ ಸ್ವಂತ ಕಮ್ಯಾಂಡ್ ಬರೆದರೂ ಆರಿಸಿದ ಹೆಸರುಗಳು ಅದಕ್ಕೆ ತಾವಾಗಿಯೇ ಬಂದು ಸೇರುತ್ತವೆ. 1987ರಲ್ಲಿ ಪರ್ಲ್ ಭಾಷೆ ಬಿಡುಗಡೆ ಮಾಡಿದ ಲ್ಯಾರಿ ವಾಲ್ ಬರೆದ ಪುಟ್ಟ "ರಿನೇಮ್" ಈ ಅನುಕೂಲವನ್ನೇ ಬಳಸಿಕೊಂಡಿತು. ಆರಿಸುವ ಕೆಲಸ ಶೆಲ್‌ಗೆ ಬಿಟ್ಟು, ಹೆಸರು ಹೇಗೆ ಬದಲಾಗಬೇಕು ಎಂಬ ಸೂತ್ರವನ್ನಷ್ಟೇ ಅದು ನಿಮ್ಮಿಂದ ಕೇಳುತ್ತದೆ. ಬಾಲ ಬದಲಿಸೋದಷ್ಟೇ ಅಲ್ಲ, ಹೆಸರಿನ ನಡುವಿನ ಅಕ್ಷರಗಳನ್ನೂ ತಿದ್ದಬಹುದು.  ಡೆಬಿಯನ್, ಉಬುಂಟುಗಳಲ್ಲಿ ಅದರ ವಂಶದ ಕಮ್ಯಾಂಡ್ ಇವತ್ತಿಗೂ ಸಿಗುತ್ತದೆ. ಫೆಡೋರಾದಲ್ಲಿ ಇದೇ ಹೆಸರಿನದು ಬೇರೆಯೇ ಪ್ರೋಗ್ರಾಂ, ಬರೆಯುವ ಕ್ರಮವೂ ಬೇರೆ. ಮರೆತೀರಿ ಜೋಕೆ!

ನನ್ನ ಲೆಕ್ಕದಲ್ಲಿ, ಎಂವಿಗೆ ಬಾರದ ಆ ಒಂದು ವಿದ್ಯೆ ಉಳಿದೆಲ್ಲ ಕಮ್ಯಾಂಡ್‌ಗಳಿಗೆ ಸಿಕ್ಕ ಸೌಲಭ್ಯದ ಬೆಲೆ. ರಿನೇಮ್ ಬಳಸುವಾಗ ಮೊದಲು "-ಎನ್" ಸೇರಿಸಿ ಓಡಿಸಿ. ಏನನ್ನೂ ಮುಟ್ಟದೆ, ಯಾವ ಹೆಸರು ಏನಾಗುತ್ತೆ ಅಂತ ತೋರಿಸುತ್ತದೆ. ನೀವೂ ಇಂಥ ಸ್ವಂತ ಕಮ್ಯಾಂಡ್ ಬರೆದುಕೊಂಡಿದ್ದರೆ ಹೇಳಿ, ಕಲಿಯೋಣ.